ಅಮ್ಮನ ಕಣ್ಣಿಗೆ ತಕ್ಕ ಕಾಗದ

ಜನವರಿ 9

ಮಾನ್ಯರೇ,

ನಾನು ನಿಮ್ಮ ಮೇಲಿನ ಮಹಡಿಯವರ ದೊಡ್ಡ ಮಗಳು. ಹೋದ ವರ್ಷ ಬಂದಿದ್ದಾಗ ಮೆಟ್ಟಿಲ ಬಳಿ ನಿಮ್ಮನ್ನು ನೋಡಿ ನಕ್ಕಿದ್ದೆ, ಮಾತಾಡಿರಲಿಲ್ಲ. ನೀವು ಮೂವತ್ತೊಂದು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿದವರು ಎಂದು ಅಮ್ಮನ ಜೊತೆಗಿರುವ ಚಿಕ್ಕಮ್ಮ ಹೇಳಿದಳು. ಅದಕ್ಕಾಗಿಯೇ ಈ ಪತ್ರ.

ಅಮ್ಮನಿಗೆ ಎಂಟು ವರ್ಷದಿಂದ ಕಿವಿ ಕೇಳಿಸುವುದಿಲ್ಲ ಎಂಬುದು ನಿಮಗೆ ತಿಳಿದಿದೆ. ಎಡಗಣ್ಣು ಹೋಗಿ ಎರಡು ವರ್ಷವಾಯಿತು. ಈಗ ಬಲಗಣ್ಣಿನ ಸರದಿ. ಓದುವ ದೃಷ್ಟಿ ಒಂದು ವರ್ಷ ಉಳಿಯಬಹುದು, ಮುಂಚೆಯೇ ಹೋಗಲೂಬಹುದು ಎಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅಷ್ಟರೊಳಗೆ ನಾನು ಅಮ್ಮನಿಗೆ ಒಂದು ಪತ್ರ ಬರೆಯಬೇಕು. ಊರಿಗೆ ಬಂದಾಗ ಸ್ಲೇಟಿನ ಮೇಲೆ 'ಮಾತ್ರೆ ತಗೊಂಡೆಯಾ', 'ನಾಳೆ ಹೊರಡುತ್ತೇನೆ' ಎಂದು ಬರೆಯುತ್ತೇನೆ. ಅದಕ್ಕಿಂತ ಉದ್ದದ್ದನ್ನು ಈವರೆಗೆ ಅವಳಿಗೆ ಬರೆದಿಲ್ಲ.

ಆರನೆಯ ವಯಸ್ಸಿಗೇ ನನ್ನನ್ನು ಹಾಸ್ಟೆಲಿರುವ ಇಂಗ್ಲಿಷ್ ಶಾಲೆಗೆ ಸೇರಿಸಿದರು. ಕನ್ನಡ ಮಾತಾಡುತ್ತೇನೆ, ಓದುತ್ತೇನೆ. ಆದರೆ ಪತ್ರ ಬರೆಯುವುದನ್ನು ಪ್ರಾರಂಭಿಸುವುದು ನನಗೆ ಅತ್ಯಂತ ಕಷ್ಟಕರವಾದ ಸಂಗತಿಯಾಗಿ ಪರಿಣಮಿಸಿದೆ. ನಾನು ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಬರೆಯುವುದು 'ಬಣ್ಣ ಇಲ್ಲ, ವಾಸನೆ ಇಲ್ಲ' ಎಂಬಂಥ ವಾಕ್ಯಗಳನ್ನು.

ನನ್ನ ಕರಡುಗಳನ್ನು ತಿದ್ದಿಕೊಡುತ್ತೀರಾ? ಅಮ್ಮನಿಗೆ ಈಗಲೇ ತಿಳಿಯುವುದು ಬೇಡ.

ಮಹಡಿ ಮನೆಯವರ ಮಗಳು


ಜನವರಿ 21

ಮಹಡಿ ಮನೆಯವರ ಮಗಳೇ,

ಇಷ್ಟುದ್ದ ಕರೆಯಲು ನನ್ನಲ್ಲಿ ಉಸಿರಿಲ್ಲ. ನೀರಮ್ಮ ಅನ್ನುತ್ತೇನೆ. ನನ್ನನ್ನು ಅಚ್ಚುಕೂಟದವರು ಎದುರಿಗೆ ಕರಡಮ್ಮ ಅನ್ನುತ್ತಿದ್ದರು, ಬೆನ್ನ ಹಿಂದೆ ಕರಡಿಯಮ್ಮ. ಯಾವುದು ಬೇಕೋ ಆರಿಸಿಕೋ.

ನಿನ್ನ ಕಾಗದವನ್ನು ತಿದ್ದಿ ಇದರ ಜೊತೆ ವಾಪಸು ಕಳಿಸಿದ್ದೇನೆ. ಮೂವತ್ತೆಂಟು ಕೆಂಪು ಗುರುತು. ಗಾಬರಿ ಬೇಡ. ತಪ್ಪು ಇರುವುದು ಆರೇ, ಮಿಕ್ಕದ್ದೆಲ್ಲ ಸಪ್ಪೆ. 'ಪತ್ರ ಬರೆಯುವುದನ್ನು ಪ್ರಾರಂಭಿಸುವುದು ಕಷ್ಟಕರವಾದ ಸಂಗತಿಯಾಗಿ ಪರಿಣಮಿಸಿದೆ' ಅಂತ ಬರೆದಿದ್ದೀಯ. ಒಂದು ಲೋಟ ನೀರೆತ್ತಲು ಕ್ರೇನು ತರಿಸಿದ ಹಾಗಿದೆ. 'ಬರೆಯಲು ಕೂತರೆ ಕೈ ಓಡುವುದಿಲ್ಲ' ಅಂದರೆ ಮುಗಿಯಿತು. ಅದೇ ಕಾಗದದಲ್ಲಿ 'ಈಗ ಬಲಗಣ್ಣಿನ ಸರದಿ' ಅಂತಲೂ ಬರೆದಿದ್ದೀಯ. ಅದು ಸಾಲು. ಅದನ್ನು ಬರೆದವಳು ಯಾರೋ, ಆಕೆಯನ್ನೇ ಕೂರಿಸಿ ಮಿಕ್ಕದ್ದನ್ನೂ ಬರೆಸು.

ಬೆಳಿಗ್ಗೆ ಟೀ ಕುಡಿಯುವ ಮುಂಚೆ ಹತ್ತು ಸಾಲು ಬರೆಯಬೇಕು. ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಕಣ್ಣು ಸುಳ್ಳನ್ನು ದಾಟಿಕೊಂಡು ಹೋಗುತ್ತದೆ, ನಾಲಿಗೆ ಎಡವುತ್ತದೆ. ಒಂದು ಪುಸ್ತಕ ಇಟ್ಟು ಕಿವಿಗೆ ಬಿದ್ದ ಹೊಸ ಮಾತನ್ನು ಅದರಲ್ಲಿ ಹಾಕಿಕೋ. ನಿಘಂಟಿನಿಂದ ಎತ್ತಬೇಡ, ಜನರ ಬಾಯಿಂದ ಎತ್ತು.

ನಿಮ್ಮಮ್ಮ ದಿನಾ ನಾಲ್ಕು ಗಂಟೆಗೆ ಇಳಿದು ಬಂದು ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂರುತ್ತಾಳೆ. ಭೂತಗನ್ನಡಿ ಹಿಡಿದು ಪೇಪರನ್ನು ತಲೆಬರಹದಿಂದ ಕೊನೆಯಲ್ಲಿರುವ ಮುದ್ರಕರ ಹೆಸರಿನ ತನಕ ಓದುತ್ತಾಳೆ. ಇನ್ನು ಎಷ್ಟು ಓದು ಉಳಿದಿದೆಯೋ ಯಾರು ಬಲ್ಲರು? ಸೋರುವ ಕೊಡದ ನೀರು ಅದು. ಕೆಟ್ಟ ಸಾಲು ಓದಿಸಿ ಅದನ್ನು ಚೆಲ್ಲಿಸಬಾರದು. ಆ ಕಣ್ಣಿಗೆ ತಕ್ಕ ಕಾಗದ ಆಗುವ ತನಕ ನಾನು ನಿನ್ನನ್ನು ಬಿಡುವವಳಲ್ಲ.

ಕರಡಮ್ಮ


ಫೆಬ್ರವರಿ 6

ಕರಡಮ್ಮನವರಿಗೆ,

ಟೀಗೆ ಮುಂಚೆ ಹತ್ತು ಸಾಲು ಅಂದಿರಿ. ಮೊದಲ ಭಾನುವಾರ ನಾನು ಟೀ ಕುಡಿದದ್ದು ಹನ್ನೊಂದೂವರೆಗೆ. ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಎಲ್ಲೆಂದರಲ್ಲಿ ಪುಸ್ತಕ ತೆಗೆಯುತ್ತೇನೆ. "ಏನ್ ಮೇಡಂ, ಈ ವಯಸ್ಸಲ್ಲಿ ಪರೀಕ್ಷೆ ಕಟ್ಟಿದೀರಾ?" ಅಂತ ಪಕ್ಕದ ಮೇಜಿನವರು ಕೇಳಿದರು. ಹೌದು ಅಂದೆ. "ಪಾಸಾದ್ರೆ ಹೇಳಿ, ಫೇಲಾದ್ರೆ ನಾವೇ ಗೊತ್ತು ಮಾಡ್ಕೋತೀವಿ" ಅಂದರು.

ಮೊದಲ ಕರಡು ಇಟ್ಟಿದ್ದೇನೆ. ಅದರ ಶುರು ಹೀಗಿದೆ:

'ಅಮ್ಮ, ನೀನು ಸಾಗರದಷ್ಟು ಆಳ, ಆಕಾಶದಷ್ಟು ಎತ್ತರ. ನಿನ್ನ ಮಡಿಲು ಹೂವಿನ ಹಾಸಿಗೆ. ನಾನು ದಡ ಸೇರದ ದೋಣಿ.'

ಇದನ್ನು ಬರೆಯುವಾಗ ಕಣ್ಣಲ್ಲಿ ನೀರು ಬಂತು. ಅಮ್ಮನನ್ನು ನೆನೆದು ಬಂತೋ, ಇಷ್ಟು ಚೆಂದವಾಗಿ ಬರೆದೆನಲ್ಲ ಎಂದು ಬಂತೋ, ನನಗೆ ಖಚಿತವಿಲ್ಲ.

ನೀರಮ್ಮ


ಫೆಬ್ರವರಿ 20

ನೀರಮ್ಮ,

ಎರಡನೆಯದಕ್ಕೇ ಬಂದದ್ದು. ಒರೆಸಿಕೋ.

ಇವೆಲ್ಲ ಬಾಡಿಗೆಗೆ ತಂದ ಪಾತ್ರೆಗಳು. ಮೇಲೆ ಬೇರೆಯವರ ಹೆಸರು ಕೊರೆದಿದೆ. ಸಾಗರವನ್ನು ಎಲ್ಲಿ ನೋಡಿದ್ದಾಳೆ ನಿಮ್ಮಮ್ಮ? ಸಂಶಯ ಬಂದು ಸ್ಲೇಟಿನ ಮೇಲೆ 'ಸಮುದ್ರ ನೋಡಿದ್ದೀರಾ' ಅಂತ ಬರೆದೆ. ತನಗೆ ಕೇಳಿಸದು ಅಂತ ಊರಿಗೆಲ್ಲ ಕೇಳಿಸುವ ಹಾಗೆ ಮಾತಾಡುತ್ತಾಳಲ್ಲ, "ಇಲ್ಲ ಕಣ್ರೀ! ಯಾಕೆ, ಕರ್ಕೊಂಡ್ ಹೋಗ್ತೀರಾ?" ಅಂದಳು. ಎದುರು ಮನೆಯವರು ಕಿಟಕಿ ತೆರೆದು ನೋಡಿದರು.

ಆಮೇಲೆ ತಾನಾಗಿಯೇ ನಿನ್ನ ಮಾತು ತೆಗೆದಳು. "ನಮ್ ದೊಡ್ಡವಳು ನೀರು ಪರೀಕ್ಷೆ ಮಾಡ್ತಾಳೆ. ಕುಡಿಯೋ ಮುಂಚೆ ಎರಡು ಸಲ ನೋಡ್ತಾಳೆ. ಮಾತಾಡೋ ಮುಂಚೆ ನಾಲ್ಕು ಸಲ. ಅಷ್ಟು ಹೊತ್ತಿಗೆ ಎದುರಿಗಿದ್ದೋರು ಎದ್ದು ಹೋಗಿರ್ತಾರೆ."

ನೋಡಿದೆಯಾ, ಉಪಮೆ ಅಂದರೆ ಅದು. ನಾಲ್ಕು ಮಾತಲ್ಲಿ ನಿನ್ನನ್ನು ಹಿಡಿದು ನಿಲ್ಲಿಸಿದಳು. ನಿನ್ನ ಕೈ ದಿನಾ ಏನನ್ನು ಮುಟ್ಟುತ್ತದೋ ಅದರಿಂದ ತೆಗೆ. ಮುಟ್ಟದ್ದನ್ನು ಬರೆಯಬೇಡ.

ಕರಡಮ್ಮ


ಮಾರ್ಚ್ 17

ಕರಡಮ್ಮನವರಿಗೆ,

ನಿಮ್ಮ ಕಾಗದದಲ್ಲಿದ್ದ ಅಮ್ಮನ ಮಾತನ್ನು ಎಷ್ಟು ಸಲ ಓದಿದೆನೋ. ನನ್ನ ಬಗ್ಗೆ ಅವಳು ಯಾರ ಹತ್ತಿರವಾದರೂ ಮಾತಾಡುತ್ತಾಳೆ ಎಂದು ನನಗೆ ಗೊತ್ತೇ ಇರಲಿಲ್ಲ.

ಚಿಕ್ಕಮ್ಮನಿಗೆ ಫೋನ್ ಮಾಡಿ ಅಮ್ಮನ ಮಾತುಗಳನ್ನು ಕೇಳಿ ಬರೆದುಕೊಳ್ಳುತ್ತಿದ್ದೇನೆ. ಚಿಕ್ಕಮ್ಮ ಹೊಲಿಗೆ ಮಿಷನ್ ತುಳಿಯುತ್ತಲೇ ಹೇಳುತ್ತಾಳೆ, ಅರ್ಧ ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ನಾನು ಎಲ್ಲಕ್ಕೂ ಒಂದೇ ಪದ ಹಾಕಿ ಮುಂದೆ ಹೋಗುತ್ತಿದ್ದೆ. ಇಲ್ಲಿ ಬೇಸರ ಬೇರೆ, ಸಂಕಟ ಬೇರೆ, ಅಳಲು ಬೇರೆ. ಕೊರಗು ಒಳಗೊಳಗೇ ಕೊರೆಯುವುದು, ಹೊರಗೆ ಪುಡಿ ಕೂಡ ಬೀಳುವುದಿಲ್ಲ. ಹಳಹಳಿ ಅಂದರೆ ಏನು ಅಂತ ಕೇಳಿದೆ. "ಅಯ್ಯೋ, ಹಾಗೆ ಮಾಡಬಾರದಿತ್ತು ಅಂತ ಒಂದೇ ಸಮನೆ ಅನ್ನಿಸ್ತಾ ಇರುತ್ತಲ್ಲ, ಅದು" ಅಂದಳು ಚಿಕ್ಕಮ್ಮ. ಆ ಪದವನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗ, ವಸ್ತು ಮನೆಯಲ್ಲೇ ಇತ್ತು, ಹೆಸರು ಈಗ ತಿಳಿಯಿತು ಅನ್ನಿಸಿತು.

ಹೊಸ ಕರಡಿನ ಶುರು:

'ಅಮ್ಮ, ಕೆಸರು ನೀರನ್ನು ಕಲಕದೆ ಇಟ್ಟರೆ ತಿಳಿಯಾಗುತ್ತದೆ. ನಾವಿಬ್ಬರೂ ಮೂವತ್ತನಾಲ್ಕು ವರ್ಷ ಕಲಕದೆ ಇಟ್ಟಿದ್ದೇವೆ. ಮೇಲೆ ತಿಳಿಯಾಗಿ ಕಾಣುತ್ತದೆ. ತಳದಲ್ಲಿ ಇರುವುದು ಹಾಗೇ ಇದೆ.'

ನೀರಮ್ಮ


ಏಪ್ರಿಲ್ 2

ನೀರಮ್ಮ,

ಈ ನಾಲ್ಕು ಸಾಲನ್ನು ನಾನು ತಿದ್ದಿಲ್ಲ. ಕೆಂಪು ಪೆನ್ಸಿಲು ಕೆಳಗಿಟ್ಟು ಕೂತೆ. ಮೂವತ್ತೊಂದು ವರ್ಷದಲ್ಲಿ ಹಾಗೆ ಕೂತದ್ದು ಬಹಳ ಸಲ ಅಲ್ಲ.

ಆದರೆ ಆಮೇಲಿನ ಎರಡು ಹಾಳೆಯಲ್ಲಿ ಅಳೆದೂ ಸುರಿದೂ ಅದನ್ನೇ ಹೇಳಿದ್ದೀಯ. ತಳದಲ್ಲಿ ಏನಿದೆ? ಮೂವತ್ತನಾಲ್ಕು ಅಂತ ಲೆಕ್ಕ ಇಟ್ಟವಳಿಗೆ ಆ ದಿನ ಏನಾಯಿತು ಅಂತಲೂ ಗೊತ್ತಿರುತ್ತದೆ. ಒಳ್ಳೆ ಉಪಮೆ ಮರೆಯಲ್ಲಿ ನಿಲ್ಲಲು ಒಳ್ಳೆ ಗೋಡೆಯೂ ಹೌದು. ಇನ್ನು ಉಪಮೆ ಸಾಕು. ನೀನು ಏನು ಮಾಡಿದೆ ಅಂತ ಬರಿ.

ನಿಮ್ಮಮ್ಮ ಈಚೆಗೆ ಪೇಪರನ್ನು ಬೇಗ ಮುಗಿಸುತ್ತಾಳೆ. "ಏನಿದೆ ಇದರಲ್ಲಿ, ನಿನ್ನೆದೇ ಇವತ್ತೂ" ಅಂತ ಮಡಿಸಿ ಪಕ್ಕಕ್ಕಿಡುತ್ತಾಳೆ.

ಕರಡಮ್ಮ


ಮೇ 11

ಕರಡಮ್ಮನವರಿಗೆ,

ಇಷ್ಟು ದಿನ ಬರೆಯದಿದ್ದುದಕ್ಕೆ ಲ್ಯಾಬಿನ ಕೆಲಸ ಕಾರಣ ಎಂದು ಬರೆದು, ಹೊಡೆದುಹಾಕಿದ್ದೇನೆ. ಅಮ್ಮ ಪೇಪರನ್ನು ಬೇಗ ಓದಿ ಮುಗಿಸುತ್ತಾಳೆ ಎಂದು ತಿಳಿದು ಸಮಾಧಾನವಾಯಿತು. ಕಣ್ಣು ಇನ್ನೂ ಅಷ್ಟು ಚುರುಕಾಗಿದ್ದರೆ ನಮಗೆ ಸಮಯವಿದೆ.

ನೀವು ಕೇಳಿದ್ದನ್ನು ಬರೆದಿದ್ದೇನೆ. ಕರಡಿನಿಂದ ಇಲ್ಲಿಗೂ ನಕಲು ಮಾಡುತ್ತೇನೆ, ನಿಮಗೂ ಹೇಳಿದಂತಾಗಲಿ ಎಂದು.

'ಅಮ್ಮ, ಹಾಸ್ಟೆಲಿಗೆ ನೀನು ವಾರಕ್ಕೊಂದು ಕಾಗದ ಹಾಕುತ್ತಿದ್ದೆ. ಬಂದ ಕಾಗದಗಳನ್ನು ವಾರ್ಡನ್ ಎಲ್ಲರ ಎದುರಿಗೆ ಹಂಚುತ್ತಿದ್ದರು. ಕನ್ನಡ ವಿಳಾಸದ ಲಕೋಟೆ ನನಗೊಬ್ಬಳಿಗೇ ಬರುತ್ತಿತ್ತು. ಹುಡುಗಿಯರು ಅದನ್ನು ತಲೆಕೆಳಗು ಹಿಡಿದು ಓದುವ ಆಟ ಆಡುತ್ತಿದ್ದರು. ಹನ್ನೊಂದು ವರ್ಷದವಳಿದ್ದಾಗ, ರಜೆಗೆ ಬಂದವಳು, "ಬರೆದ್ರೆ ಇಂಗ್ಲಿಷಲ್ಲಿ ಬರಿ, ಇಲ್ಲಾಂದ್ರೆ ಬೇಡ" ಅಂದೆ. ನೀನು ಪಕ್ಕದ ಮನೆಯ ನರ್ಸಮ್ಮನ ಹತ್ತಿರ ಕಲಿತೆ. ಎರಡು ತಿಂಗಳ ಮೇಲೆ ಒಂದು ಕಾಗದ ಬಂತು. ಇಂಗ್ಲಿಷಿನಲ್ಲಿ ಆರು ಸಾಲು. ನಾನು ಕೆಂಪು ಶಾಯಿ ತೆಗೆದುಕೊಂಡು, ನಮ್ಮ ಟೀಚರು ಮಾಡುವ ಹಾಗೆ, ತಪ್ಪುಗಳಿಗೆಲ್ಲ ಸುತ್ತು ಹಾಕಿದೆ. ಮೇಲೆ ಹತ್ತಕ್ಕೆ ಮೂರು ಅಂತ ಬರೆದು ನಿನಗೇ ವಾಪಸು ಅಂಚೆಗೆ ಹಾಕಿದೆ. ಆಮೇಲೆ ನಿನ್ನಿಂದ ಒಂದು ಕಾಗದವೂ ಬರಲಿಲ್ಲ. ಅಪ್ಪ ಯಾರಿಂದಲೋ ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು, ಕೊನೆಗೆ "ಅಮ್ಮ ಕೇಳಿದ್ದಾಳೆ" ಅಂತ.'

ಅವಳು ಅದರ ಮಾತು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನೆನಪಿದೆಯೋ ಇಲ್ಲವೋ ಅದೂ ತಿಳಿಯದು. ಬೇಕೆಂದೇ ನೋಯಿಸಿದೆನೇ? ಅಲ್ಲ ಅನ್ನಿಸುತ್ತದೆ. ನನಗೆ ಗೊತ್ತಿದ್ದ ಒಂದೇ ಒಂದು ದೊಡ್ಡವರ ಕೆಲಸ ಅದಾಗಿತ್ತು, ಮಾಡಿದೆ. ಆದರೆ ಈ ಮಾತನ್ನು ಕರಡಿನಲ್ಲಿ ಹಾಕಿದರೆ ವಕಾಲತ್ತು ಆಗುತ್ತದೆಂದು ಹಾಕಿಲ್ಲ. ಸರಿಯೇ?

ನೀರಮ್ಮ


ಮೇ 23

ನೀರಮ್ಮ,

ಸರಿ. ವಕಾಲತ್ತು ಬೇಡ.

ಈಗ ಕಾಗದ ಬಂತು. ತಿದ್ದಿ ಕಳಿಸಿದ್ದೇನೆ, ಹದಿನಾಲ್ಕೇ ಗುರುತು. 'ಆಮೇಲೆ ನಿನ್ನಿಂದ ಒಂದು ಕಾಗದವೂ ಬರಲಿಲ್ಲ' ಅನ್ನುವುದರಲ್ಲಿ 'ನಿನ್ನಿಂದ' ಬೇಕಿಲ್ಲ. ತಲೆಕೆಳಗು ಹಿಡಿದು ಓದುವ ಆಟ ಚೆನ್ನಾಗಿ ಬಂದಿದೆ. ಮೂರನೆಯ ಹಾಳೆ ಸಡಿಲವಾಗಿದೆ, ಅದನ್ನು ಕತ್ತರಿಸಿ ಮತ್ತೆ ಬರಿ. ಅಕ್ಷರ ಇನ್ನೂ ದೊಡ್ಡದಿರಲಿ. ಬೆರಳಿನ ಗೆಣ್ಣಿನಷ್ಟು.

ನಿಮ್ಮಮ್ಮ ಚೆನ್ನಾಗಿದ್ದಾಳೆ. ನಾಲ್ಕು ಗಂಟೆ ತಪ್ಪಿಸುವುದಿಲ್ಲ. ಈಗ ಪೇಪರಿಗಿಂತ ಮಾತು ಜಾಸ್ತಿ.

ಕರಡಮ್ಮ


ಜೂನ್ 6

ಕರಡಮ್ಮನವರಿಗೆ,

ಶುದ್ಧಪ್ರತಿ ಕಳಿಸುತ್ತಿದ್ದೇನೆ. ನಾಲ್ಕು ಹಾಳೆ. ಗೆಣ್ಣಿನಷ್ಟು ಅಕ್ಷರ.

ಒಂದು ಮಾತು ಹೇಳಬೇಕು, ತಪ್ಪು ತಿಳಿಯಬೇಡಿ. ಹೋದ ಸಲ ನಿಮ್ಮ ಲಕೋಟೆ ಒಡೆದು, ಆ ಹಾಳೆಯ ಮೇಲೆ, ಆ ಸಾಲುಗಳ ಮೇಲೆಯೇ ಕೆಂಪು ಗುರುತು ಕಂಡಾಗ ಅದನ್ನು ಮತ್ತೆ ಲಕೋಟೆಗೇ ಹಾಕಿಟ್ಟೆ. ನೀವು ಮಾಡಿದ್ದು ನಾನು ಕೇಳಿದ ಕೆಲಸವನ್ನೇ. ಗುರುತೆಲ್ಲ ಸರಿಯಾಗಿಯೇ ಇದ್ದವು. ಅಮ್ಮನ ಕಾಗದದಲ್ಲಿ ನಾನು ಹಾಕಿದ ಸುತ್ತುಗಳೂ ಸರಿಯಾಗಿಯೇ ಇದ್ದವು. ತಪ್ಪು ಅಲ್ಲಿ ಇರಲಿಲ್ಲ.

ಈಗ ಕೊಡಬಹುದೇ? ನನಗೆ ನಿರ್ಧರಿಸಲು ಆಗುತ್ತಿಲ್ಲ. ಓದಿದಾಗಲೆಲ್ಲ ಒಂದು ಪದ ಅಲ್ಲಾಡುತ್ತದೆ. ಚಿಕ್ಕಮ್ಮನನ್ನು ಕೇಳಿದರೆ "ಅಕ್ಕ ಆರಾಮಾಗಿದಾಳೆ, ನೀನು ತಲೆ ಕೆಡಿಸ್ಕೋಬೇಡ" ಅನ್ನುತ್ತಾಳೆ. ನೀವು ಸಾಕು ಅಂದ ದಿನ ಸಾಕು.

ನೀರಮ್ಮ


ಜೂನ್ 17

ನೀರಮ್ಮ,

ಇನ್ನೊಂದೇ ಸಲ. ಕಾಗದ ಗಟ್ಟಿಯಾಗಿದೆ, ಆದರೆ 'ಕ್ಷಮಿಸು' ಅಂತ ಮುಗಿಸಿದ್ದೀಯ. ಬಸ್ಸಿನಲ್ಲಿ ಕಾಲು ತುಳಿದವರೂ ಅದನ್ನೇ ಅನ್ನುತ್ತಾರೆ. ಮೂವತ್ತನಾಲ್ಕು ವರ್ಷದ ಮೇಲೆ ಬರೆಯುವವಳು ಅದಕ್ಕಿಂತ ಹತ್ತಿರದ ಮಾತು ಹುಡುಕಬೇಡವೇ? ಕೊನೆಯ ಹಾಳೆ ಒಂದನ್ನು ಹೊಸದಾಗಿ ಬರೆದು ಕಳಿಸು. ಮಿಕ್ಕ ಮೂರು ನನ್ನ ಮೇಜಿನ ಖಾನೆಯಲ್ಲಿ ಭದ್ರವಾಗಿವೆ.

ಕರಡಮ್ಮ


ಜೂನ್ 24

ಕರಡಮ್ಮನವರಿಗೆ,

ಕೊನೆಯ ಹಾಳೆ ಇದರ ಜೊತೆಗಿದೆ. ಈಗ ಹೀಗೆ ಮುಗಿಯುತ್ತದೆ: 'ಓದಿದ ಮೇಲೆ ನೀನು ಏನೂ ಹೇಳದಿದ್ದರೂ ಸರಿ ಅಮ್ಮ. ಓದಿದೆ ಅಂತ ಒಂದು ಗೆರೆ ಎಳೆದು ಕಳಿಸು. ಅದನ್ನು ನಾನು ಇಟ್ಟುಕೊಳ್ಳುತ್ತೇನೆ.'

ಇದಕ್ಕಿಂತ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ.

ನೀರಮ್ಮ


ಜುಲೈ 4

ನೀರಮ್ಮ,

ಚಿಕ್ಕಮ್ಮ ಫೋನ್ ಮಾಡಿರುತ್ತಾಳೆ. ಕಣ್ಣಿನೊಳಗೆ ರಕ್ತ ಒಸರಿದೆ, ಬೆಳಕು ಕತ್ತಲೆಯ ಹೊರತು ಇನ್ನೇನೂ ಕಾಣುವುದಿಲ್ಲ ಅಂತ ಡಾಕ್ಟರು ಹೇಳಿದ್ದನ್ನು ತಿಳಿಸಿರುತ್ತಾಳೆ. ಅವಳಿಗೆ ತಿಳಿಯದ್ದನ್ನು ನಾನು ಬರೆಯಬೇಕು.

ನಿನ್ನ ಕೊನೆಯ ಹಾಳೆ ಇಪ್ಪತ್ತೇಳಕ್ಕೆ ನನ್ನ ಕೈ ಸೇರಿತು. ಓದಿದೆ. ಗುರುತು ಹಾಕಲು ಏನೂ ಇರಲಿಲ್ಲ. ಅಂದೇ ಸಂಜೆ ನಾಲ್ಕಕ್ಕೆ ನಿಮ್ಮಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನಾಲ್ಕು ಹಾಳೆ ಒಳಗೆ ಖಾನೆಯಲ್ಲಿತ್ತು. ನಾನು ಕೊಡಲಿಲ್ಲ. ಮಾರನೆಯ ದಿನವೂ ಕೊಡಲಿಲ್ಲ. ಏನಾದರೂ ಸಿಕ್ಕೀತೇನೋ ಅಂತ ಮತ್ತೆ ಮತ್ತೆ ಓದಿದೆ. ಮೂವತ್ತರ ಬೆಳಿಗ್ಗೆ ಮೇಲಿನಿಂದ "ಯಾರು ಪರದೆ ಎಳೆದೋರು? ತೆಗೀರೇ!" ಅಂತ ಅವಳು ಕೂಗಿದ್ದು ನನ್ನ ಅಡುಗೆಮನೆಗೆ ಕೇಳಿಸಿತು.

ಹಾಳೆ ಎತ್ತಿಕೊಂಡು ಓಡಿದೆ. ಎಪ್ಪತ್ತಾರರ ಮಂಡಿಯಲ್ಲಿ ಹೇಗೆ ಹತ್ತಿದೆನೋ. ಅವಳ ಕೈಗಿಟ್ಟೆ. ಕಿಟಕಿ ಕಡೆ ತಿರುಗಿಸಿ ಹಿಡಿದಳು. ಮೂಗಿಗೆ ತಾಗಿಸಿ ಹಿಡಿದಳು. ಆಮೇಲೆ ಬೆರಳಲ್ಲಿ ಎಣಿಸಿದಳು. "ನಾಲ್ಕು ಹಾಳೆ ಇದೆಯಲ್ಲ. ಯಾರು ಬರೆದಿದ್ದು, ಇಷ್ಟೊಂದು?" ಅಂತ ಕೇಳಿದಳು. ನಿನ್ನ ಹೆಸರು ಕೂಗಿದೆ. ಕೇಳಿಸದವಳ ಎದುರಿಗೆ ನಿಂತು, ಹುಚ್ಚಿಯ ಹಾಗೆ, ಕೂಗಿದೆ. ಸ್ಲೇಟು ಅಲ್ಲೇ ಮಂಚದ ಮೇಲಿತ್ತು.

ಇನ್ನೂ ಇದೆ. ಮಾರ್ಚ್ ಕೊನೆಯಿಂದ ಅವಳು ಪೇಪರು ಓದುತ್ತಿರಲಿಲ್ಲ. ಹಿಡಿದುಕೊಂಡು ಕೂರುತ್ತಿದ್ದಳು. ಸಾಲಿನ ಕೊನೆ ಬರುವ ಮುಂಚೆ ಭೂತಗನ್ನಡಿ ಸರಿಸುತ್ತಿದ್ದಳು. ಕರಡು ತಿದ್ದಿದವಳಿಗೆ ಅದು ಕಾಣದೆ ಇರುತ್ತದೆಯೇ? ಚಿಕ್ಕಮ್ಮನಿಗೆ ಹೇಳಬೇಡಿ ಅಂತ ನನ್ನ ಕೈ ಹಿಡಿದಳು. ದಪ್ಪ ಅಕ್ಷರ ಇನ್ನೂ ಕಾಣುತ್ತಿತ್ತು, ನಿಧಾನವಾಗಿ ಓದಬಲ್ಲವಳಾಗಿದ್ದಳು. ಅದಕ್ಕೇ ನಿನಗೆ ಗೆಣ್ಣಿನಷ್ಟು ಬರಿ ಅಂದೆ. ಬೇಗ ಕಳಿಸು ಅನ್ನಲಿಲ್ಲ.

ಯಾಕೆ ಅಂತ ಐದು ದಿನದಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಭಾಷೆಯ ಮೇಲಿನ ಪ್ರೀತಿ ಅಂತ ಹೇಳಬಹುದು, ನೀನು ನಂಬಲೂಬಹುದು. ನಿಜ ಏನೆಂದರೆ, ನನಗೆ ಯಾರೂ ಕಾಗದ ಬರೆಯುವುದಿಲ್ಲ ತಾಯಿ. ಮೂವತ್ತೊಂದು ವರ್ಷ ಬೇರೆಯವರು ಬೇರೆಯವರಿಗೆ ಬರೆದದ್ದನ್ನು ಓದಿದೆ. ನಿನ್ನ ಲಕೋಟೆಯ ಮೇಲೆ ನನ್ನ ಹೆಸರಿರುತ್ತಿತ್ತು. ಸಾಕು ಅಂದರೆ ಅದು ನಿಲ್ಲುತ್ತಿತ್ತು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವರ ಗಾದೆ ಇದೆ. ಅವರು ಮುಚ್ಚಿಕೊಂಡದ್ದು ತಮ್ಮ ಕಣ್ಣನ್ನು.

ಹಾಳೆಗಳು ಅವಳ ದಿಂಬಿನ ಕೆಳಗಿವೆ. ನನ್ನ ಹತ್ತಿರ ವಾಪಸು ಕೊಡಲಿಲ್ಲ.

ಕರಡಮ್ಮ


ಆಗಸ್ಟ್ 8

ಕರಡಮ್ಮನವರಿಗೆ,

ಒಂಬತ್ತು ದಿನ ಅಲ್ಲಿದ್ದೆ. ನಿಮ್ಮ ಬಾಗಿಲ ಮುಂದೆ ದಿನಕ್ಕೆ ಹತ್ತು ಸಲ ಹತ್ತಿ ಇಳಿದೆ. ಒಂದು ಮಧ್ಯಾಹ್ನ ನಾನು ಮೆಟ್ಟಿಲಲ್ಲಿ ನಿಂತಾಗ ಒಳಗಿನ ರೇಡಿಯೊ ನಿಂತಿತು. ಬಾಗಿಲಿನ ಆ ಕಡೆ ನೀವು ನಿಂತಿದ್ದೀರಿ ಅನ್ನಿಸಿತು. ತಟ್ಟಲಿಲ್ಲ. ಮಾತಾಡಿದ್ದರೆ ಏನೋ ಕೆಟ್ಟದ್ದು ಆಡುತ್ತಿದ್ದೆ, ಅದನ್ನು ಆಮೇಲೆ ತಿದ್ದಲು ಆಗುತ್ತಿರಲಿಲ್ಲ.

ನಿಮ್ಮ ಮೇಲೆ ನನಗೆ ಸಿಟ್ಟಿದೆ. ಅದನ್ನು ಬೇರೆ ಪದದಲ್ಲಿ ಸುತ್ತಿ ಕೊಡುವುದಿಲ್ಲ. ಹಾಗೆಯೇ, 'ನೀವು ಸಾಕು ಅಂದ ದಿನ ಸಾಕು' ಎಂದು ಬರೆದವಳು ನಾನು. ಅಂಚೆ ಪೆಟ್ಟಿಗೆ ನನ್ನ ಬೀದಿಯಲ್ಲೂ ಇತ್ತು. ಅಮ್ಮನ ವಿಳಾಸ ನನಗೂ ಗೊತ್ತಿತ್ತು. ಒಳ್ಳೆಯ ಕಾಗದ ಬರೆಯುತ್ತಿರುವಷ್ಟು ದಿನ ಕಾಗದ ಕೊಡುವ ದಿನ ಬರುವುದಿಲ್ಲ ಎಂಬ ಸಮಾಧಾನ ನನಗೂ ಇತ್ತು ಅಂತ ಕಾಣುತ್ತದೆ.

ನಡೆದದ್ದನ್ನು ನಿಮಗೆ ಹೇಳಬೇಕು.

ನಾನು ಹೋಗಿ ಅಮ್ಮನ ಕೈ ಹಿಡಿದೆ. "ಯಾರೇ ಇದು, ಕೈ ಹೀಗೆ ತಣ್ಣಗಿದೆ? ದೊಡ್ಡವಳಾ?" ಅಂದಳು. ಅಂಗೈ ಮೇಲೆ ಬೆರಳಿನಿಂದ ಬರೆದರೆ ತಿಳಿಯುತ್ತದೆಂದು ಅಷ್ಟರಲ್ಲಿ ಚಿಕ್ಕಮ್ಮ ಕಂಡುಕೊಂಡಿದ್ದಳು. "ಉದ್ದ ಬರೀಬೇಡ, ಒಂದೊಂದೇ ಅಕ್ಷರ. ಒತ್ತು ಗಿತ್ತು ಹಾಕಿದ್ಯೋ, ಹೋಯ್ತು" ಅಂದಳು. ನಾನು 'ಅಮ್ಮ' ಅಂತ ಬರೆದೆ. "ಅಮ ಅಂದ್ರೆ ಏನೇ? ಕಚಗುಳಿ ಇಡಬೇಡ" ಅಂತ ಅಮ್ಮ ಕೈ ಎಳೆದುಕೊಂಡಳು. ನಾಲ್ಕು ಹಾಳೆಯೂ ನನಗೆ ಬಾಯಿಗೆ ಬರುತ್ತಿತ್ತು. ಅದರಲ್ಲಿ ಅಂಗೈ ಮೇಲೆ ಹಿಡಿಸುವ ಪದ ಒಂದೂ ಸಿಗಲಿಲ್ಲ. ಆರು ತಿಂಗಳು ಕೂಡಿಟ್ಟಿದ್ದೆನಲ್ಲ, ಕೊರಗು, ಅಳಲು, ಹಳಹಳಿ, ಅವನ್ನೂ ಬರೆದು ನೋಡಿದೆ. ಒತ್ತಿಲ್ಲದ ಪದಗಳು, ಓದಿಕೊಂಡಳು ಕೂಡ. "ಯಾರಿಗೇ?" ಅಂದಳು.

ನಾಲ್ಕನೆಯ ದಿನ ಚಿಕ್ಕಮ್ಮ ತನ್ನ ಹೊಲಿಗೆ ಅಂಗಡಿಗೆ ಹೋಗಿದ್ದಳು. ದಿಂಬಿನ ಕೆಳಗಿನ ಹಾಳೆ ತೆಗೆದು ಅಮ್ಮನ ಎಡಗೈಗೆ ಕೊಟ್ಟೆ. ಬಲಗೈ ಮೇಲೆ 'ನಾನು' ಅಂತ ಬರೆದೆ. "ನೀನಾ ಬರೆದಿದ್ದು? ಕನ್ನಡದಲ್ಲಾ?" ಅಂದಳು. 'ಹೌದು'. "ಏನು ಬರೆದೆ, ನಾಲ್ಕು ಹಾಳೆ?" ನಾನು 'ಕಾಗದ' ಅಂತ ಬರೆದೆ. 'ಕೆಂಪು' ಅಂತ ಬರೆದೆ. ಅವಳಿಗೆ ತಿಳಿಯಲಿಲ್ಲ. ಆಗ ಅಂಕಿ ಬರೆದೆ. ಹತ್ತು. ಅದರ ಪಕ್ಕದಲ್ಲಿ ಮೂರು.

ಅಮ್ಮನ ಕೈ ಹಾಗೇ ನಿಂತಿತು. "ಓ, ಅದಾ" ಅಂದಳು. ಅಷ್ಟು ಮೆಲ್ಲಗೆ ಅವಳು ಮಾತಾಡಿದ್ದನ್ನು ಎಂಟು ವರ್ಷದಲ್ಲಿ ನಾನು ಕೇಳಿರಲಿಲ್ಲ.

"ಮೂರು ಬಂದಿತ್ತಲ್ಲ. ನಿಮ್ಮಪ್ಪಂಗೆ ತೋರಿಸ್ದೆ. ನಿಮಗಾಗಿದ್ರೆ ಅಷ್ಟೂ ಬರ್ತಿರಲಿಲ್ಲ ಅಂದೆ."

ನಾನು 'ಯಾಕೆ' ಅಂತ ಬರೆದೆ. ಯಾವುದಕ್ಕೆ ಯಾಕೆ ಎಂದು ಬರೆಯಲು ಅಂಗೈಯಲ್ಲಿ ಜಾಗವಿರಲಿಲ್ಲ. ಅವಳಿಗೆ ತಿಳಿಯಿತು.

"ನಿಲ್ಲಿಸ್ಲಿಲ್ಲ ಕಣೇ ನಾನು. ಬರೀತಾನೇ ಇದ್ದೆ. ಮುಂದಿನ ಸಲ ಹತ್ತಕ್ಕೆ ಹತ್ತು ಬರ್ಬೇಕು ಅಂತ. ಬೆಳಿಗ್ಗೆ ಬೆಳಿಗ್ಗೆನೇ ಕೂತು ಬರೆಯೋಳು, ನರ್ಸಮ್ಮ ಡ್ಯೂಟಿಯಿಂದ ಬಂದು ತಿದ್ದೋಳು, ನಾನು ಮತ್ತೆ ಬರೆಯೋಳು. ಐದಾಯ್ತು. ಆರಾಯ್ತು. ಒಂದು ಸಲ ಎಂಟು ಕೊಟ್ಟಳು. ಹತ್ತು ಆಗ್ಲಿಲ್ಲ ನೋಡು. ಆಮೇಲೆ ಅವಳಿಗೆ ಬೇರೆ ಊರಿಗೆ ವರ್ಗ ಆಯ್ತು. ನೀನೂ ದೊಡ್ಡವಳಾದೆ."

ಎಂಟು ಬಂದದ್ದನ್ನಾದರೂ ಕಳಿಸಬಾರದಿತ್ತೇ ಎಂದು ಕೇಳಬೇಕೆನ್ನಿಸಿತು. ಕೇಳುವ ಮುಖ ನನಗಿರಲಿಲ್ಲ. ನನ್ನ ಕಾಗದ ಅವಳ ಇನ್ನೊಂದು ಕೈಯಲ್ಲಿತ್ತು. ಅವಳು ಅದರ ಅಂಚನ್ನು ಬೆರಳಿನಿಂದ ಸವರುತ್ತ, "ಇದಕ್ಕೆ ಎಷ್ಟು ಕೊಟ್ಟರೇ?" ಅಂತ ಕೇಳಿದಳು. ಸ್ವಲ್ಪ ಹೊತ್ತು ಕೈ ಚಾಚಿಕೊಂಡೇ ಇದ್ದಳು, ಆಮೇಲೆ ಮಡಿಸಿಕೊಂಡಳು.

ಈ ಕಾಗದಕ್ಕೆ ನಾನು ಕರಡು ಮಾಡಿಲ್ಲ. ಗಟ್ಟಿಯಾಗಿ ಓದಿ ನೋಡಿಯೂ ಇಲ್ಲ. ತಪ್ಪಿದ್ದರೆ ಇರಲಿ.

ಅಮ್ಮ ಈಗಲೂ ನಾಲ್ಕು ಗಂಟೆಗೆ ಮೆಟ್ಟಿಲ ಕಂಬಿ ಹಿಡಿದು ಇಳಿಯುತ್ತಾಳಂತೆ. ನೀವು ಹೊರಗೆ ಬರುತ್ತಿಲ್ಲವಂತೆ. "ಕೆಳಗಿನೋರಿಗೆ ನನ್ನ ಮೇಲೆ ಏನು ಕೋಪ?" ಅಂತ ಚಿಕ್ಕಮ್ಮನನ್ನು ದಿನಾ ಕೇಳುತ್ತಾಳೆ. ಚಿಕ್ಕಮ್ಮ ಅಂಗಡಿಯಿಂದ ಬರುವುದು ಏಳಕ್ಕೆ. ಅಲ್ಲಿಯ ತನಕ ಅಮ್ಮನ ಕೈಗೆ ಯಾರೂ ಇಲ್ಲ. ಇನ್ನು ಮೇಲೆ ಪ್ರತಿ ವಾರ ನಿಮ್ಮ ಹೆಸರಿಗೆ ಒಂದು ಲಕೋಟೆ ಬರುತ್ತದೆ, ಒಳಗೆ ಅಮ್ಮನಿಗೆ ಏಳು ಪದ ಇರುತ್ತವೆ. ದಿನಕ್ಕೊಂದು. ಅವು ಚೆನ್ನಾಗಿವೆಯೋ ಇಲ್ಲವೋ ನೋಡಬೇಡಿ, ಬಂದ ದಿನವೇ ಶುರು ಮಾಡಿ. ಈ ವಾರದ ಪಟ್ಟಿ ಹಿಂದಿನ ಮಗ್ಗುಲಲ್ಲಿದೆ. ಮೊದಲನೆಯದು 'ಊಟ ಆಯಿತು'. ಎರಡು ಪದ ನಿಜ, ಆದರೆ ಅವಳು ಕೇಳುವುದು ಅದನ್ನೇ.

ಅಂಗೈಯ ನಡುವೆ ಬರೆಯಿರಿ, ಉಗುರು ತಾಗದಿರಲಿ. ಒಂದು ಅಕ್ಷರವಾದ ಮೇಲೆ ಅವಳು ಬಾಯಿಬಿಟ್ಟು ಹೇಳುವ ತನಕ ಕಾಯಿರಿ. ಪದ ಮುಗಿದ ಮೇಲೆ ನಿಮ್ಮ ಕೈಯಿಂದ ಅವಳ ಅಂಗೈಯನ್ನು ಒಂದು ಸಲ ಸವರಿಬಿಡಿ. ಸವರದಿದ್ದರೆ ಹಳೆಯದರ ಮೇಲೇ ಹೊಸದು ಬರೆದ ಹಾಗಾಗಿ ಏನೂ ತಿಳಿಯುವುದಿಲ್ಲ ಅನ್ನುತ್ತಾಳೆ.

ನೀರಮ್ಮ